ಪ್ರಾರ್ಥನೆ ಬರ್ತಿಲ್ಲ ಅಂತ ಬರೆದ ಪುಟ್ಟಿಗೆ

ಪುಟ್ಟೀ,

ಕರ್ತನ ನಾಮದಲ್ಲಿ ವಂದನೆ. ನಿನ್ನ ಪತ್ರ ಬಂದು ತುಂಬಾ ದಿನ ಆಯ್ತು, ಉತ್ತರ ಬರೆಯೋಣ ಅಂತ ಕೂತು ಕೂತು ಎದ್ದೆ. ಹಾಸ್ಟೆಲ್ ಹೇಗಿದೆ, ರೂಂಮೇಟ್ ಹೇಗಿದ್ದಾಳೆ, ಮಾರ್ಕ್ಸ್ ಎಷ್ಟು ಅನ್ನೋದೆಲ್ಲ ನಿಮ್ಮಮ್ಮ ಫೋನಲ್ಲಿ ಆಗ್ಲೇ ಒಪ್ಪಿಸಿದ್ದಾಳೆ, ಅದನ್ನ ಮತ್ತೆ ಕೇಳಲ್ಲ. ಯಾಕೆ ಬೈಬಲ್ ಸ್ಕೂಲು, ಅದರಲ್ಲೂ ಯಾಕೆ ಸ್ಪ್ಯಾನಿಷ್ ಅನ್ನೋ ಜಗಳನೂ ಮನೇಲಿ ಮುಗಿದು ಹೋಗಿದೆ, ನಿಮ್ಮಪ್ಪನೇ ಒಪ್ಪಿದ ಮೇಲೆ ನಾನ್ಯಾರು. ಆದ್ರೆ ಕೊನೇ ಪುಟದಲ್ಲಿ ಹೆಸರು ಬರೆಯೋಕೆ ಮುಂಚೆ ಸಣ್ಣ ಅಕ್ಷರದಲ್ಲಿ ಒಂದು ಮಾತು ಬರ್ದಿದ್ದೀಯಲ್ಲ, ಈಗ ಪ್ರಾರ್ಥನೆ ಮಾಡಿದ್ರೆ ಗೋಡೆಗೆ ಹೋಂವರ್ಕ್ ಒಪ್ಪಿಸಿದ ಹಾಗಿರುತ್ತೆ, ಕನ್ನಡದಲ್ಲೂ ಬರ್ತಿಲ್ಲ ಮಾವಾ ಅಂತ, ಅದು ನನ್ನನ್ನ ಬಿಡ್ತಾನೇ ಇಲ್ಲ.

ಸ್ಪ್ಯಾನಿಷಲ್ಲಿ ಬರ್ತಿಲ್ಲ ಅಂತ ಅಷ್ಟೇ ಬರ್ದಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಹೊಸ ಭಾಷೇಲಿ ಯಾರಿಗೆ ತಾನೇ ಬರುತ್ತೆ. ಆದ್ರೆ ಕನ್ನಡದಲ್ಲೂ ಅಂದ್ಯಲ್ಲ, ಚಿಕ್ಕವಳಿದ್ದಾಗ ಮಲಗೋ ಮುಂಚೆ ಎಲ್ಲರ ಹೆಸರೂ ಹೇಳಿ ಪ್ರಾರ್ಥಿಸ್ತಿದ್ದವಳು ನೀನು, ನಾವು ಬೇಗ ಮುಗಿಸಮ್ಮಾ ಅಂತ ಗದರಬೇಕಿತ್ತು, ಆ ಬಾಯಿಗೆ ಈಗ ಮಾತು ಸಿಗ್ತಿಲ್ಲ ಅಂದ್ರೆ ನಂಗೆ ಹೇಗಾಗಬೇಡ.

ಚಾಪೆಲ್‌ನಲ್ಲಿ ನಡೆದಿದ್ದನ್ನ ನೀನು ಬರ್ದಿರೋದನ್ನ ಮತ್ತೆ ಮತ್ತೆ ಓದಿದೆ. ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡ್ತಾ ಬರ್ತಿರ್ತಾರೆ, ನಿನ್ನ ಸರದಿ ಬರೋ ತನಕ ನೀನು ಯಾರ ಪ್ರಾರ್ಥನೆನೂ ಕೇಳ್ತಿಲ್ಲ, ತಲೇಲಿ ನಿನ್ನ ವಾಕ್ಯ ಜೋಡಿಸ್ತಾ ಇದ್ದೀಯ, ಆ ಸಬ್ಜಂಕ್ಟಿವ್ ಅಂತೆ, ಹೀಗಾಗಲಿ ಅಂತ ಬೇಡಿಕೊಳ್ಳೋ ಮಾತಿಗೆ ಕ್ರಿಯಾಪದದ ರೂಪನೇ ಬದಲಾಗುತ್ತಂತೆ, ಅಂದ್ರೆ ಪ್ರಾರ್ಥನೆ ತುಂಬಾ ಅದೇ. ಕರ್ತನ ಪ್ರಾರ್ಥನೆಯಲ್ಲೇ ಇದೆಯಲ್ಲ, ವೆಂಗಾ ತು ರೇನೋ, ಆಗಾಸೆ ತು ವೊಲುಂತಾದ್, ನಿನ್ನ ರಾಜ್ಯ ಬರಲಿ, ನಿನ್ನ ಚಿತ್ತ ನೆರವೇರಲಿ ಅಂತ. ಉಚ್ಚಾರ ತಪ್ಪಿದ್ರೆ ನಗಬೇಡ. ಕೊನೆಗೆ ನಿನ್ನ ಸರದಿ ಬಂದಾಗ ರೂಂಮೇಟ್ ಅಪ್ಪನ ಕಾಯಿಲೆಗೋಸ್ಕರ ಬೇಡ್ಕೊಳ್ತಾ ಮಧ್ಯದಲ್ಲಿ ಕ್ರಿಯಾಪದ ತಪ್ಪಿತು ಅಂತ ಹಿಂದೆ ಹೋಗಿ, ಕ್ಲಾಸಲ್ಲಿ ಮಾಡೋ ಹಾಗೆ ಸರಿ ಮಾಡಿ ಹೇಳಿದೆ, ಆಮೇಲೆ ಏನು ಬೇಡ್ತಾ ಇದ್ದೆ ಅನ್ನೋದೇ ಮರೆತು ಹೋಯ್ತು ಅಂದೆ. ಆ ಹುಡುಗಿ ಆಮೆನ್ ಅಂದಳು ಅಂತಾನೂ ಬರ್ದಿದ್ದೀಯ. ನಂಗೆ ಆ ಹುಡುಗಿ ಮೇಲೆ ನೋಡದೇನೇ ಪ್ರೀತಿ ಬಂತು.

ಇದು ನಂಗೆ ಗೊತ್ತಿರೋ ವಿಷಯ ಪುಟ್ಟೀ. ಮನೇಲಿ ಯಾರಿಗೂ ಗೊತ್ತಿಲ್ಲ, ನಿಮ್ಮತ್ತೆಗೂ ಪೂರ್ತಿ ಹೇಳಿಲ್ಲ. ನಾನು ಕನ್ವೆನ್ಷನ್‌ಗಳಲ್ಲಿ ಇಂಟರ್‌ಪ್ರಿಟರ್ ಆಗಿ ನಿಲ್ತಿದ್ದುದು ನಿಂಗೆ ಗೊತ್ತು, ಫೋಟೋ ನೋಡಿದ್ದೀಯ, ದೊಡ್ಡ ದೊಡ್ಡ ಪ್ರಸಂಗಿಗಳ ಪಕ್ಕ ಕೋಟ್ ಹಾಕ್ಕೊಂಡು. ಆ ಕೆಲಸ ಹೇಗೆ ಅಂದ್ರೆ ಅವರು ಇಂಗ್ಲಿಷಲ್ಲಿ ಒಂದು ವಾಕ್ಯ ಬಿಡ್ತಾರೆ, ನೀನು ಅದರ ಬಾಲ ಹಿಡಿದು ಕನ್ನಡಕ್ಕೆ ತಿರುಗಿಸೋ ಅಷ್ಟರಲ್ಲಿ ಇನ್ನೊಂದು ಬಂದಿರುತ್ತೆ, ಅವರು ಕೈ ಎತ್ತಿದ್ರೆ ನೀನೂ ಎತ್ತಬೇಕು, ಅವರ ದನಿ ಇಳಿದ್ರೆ ನಿಂದೂ ಇಳೀಬೇಕು. ಮುಂದೆ ಜನ ಅಳ್ತಾ ಇರ್ತಾರೆ, ನೀನು ವಾಕ್ಯದ ಕೊನೆಗೆ ಬರಬೇಕಾದ ಕ್ರಿಯಾಪದ ಹುಡುಕ್ತಾ ಇರ್ತೀಯ, ಯಾಕಂದ್ರೆ ಇಂಗ್ಲಿಷಲ್ಲಿ ಅದು ಮೊದಲೇ ಬಂದು ಹೋಗಿರುತ್ತೆ. ಒಂದು ರಾತ್ರಿ ಕೂಟ ಮುಗಿದ ಮೇಲೆ ಒಬ್ಬ ತಾಯಿ ಬಂದು ನನ್ನ ಎರಡೂ ಕೈ ಹಿಡ್ಕೊಂಡು, ಬ್ರದರ್ ನೀವು ಹೇಳಿದ ಮಾತಿಂದ ನನ್ನ ಎದೆಭಾರ ಇಳೀತು ಅಂತ ಅತ್ತರು. ಯಾವ ಮಾತು ಅಂತ ನಂಗೆ ಗೊತ್ತಿರ್ಲಿಲ್ಲ ಪುಟ್ಟೀ. ಅವತ್ತು ಯಾವ ಅಧ್ಯಾಯದ ಮೇಲೆ ಪ್ರಸಂಗ ಅಂತ ಕೇಳಿದ್ರೂ ಹೇಳೋಕೆ ಆಗ್ತಿರ್ಲಿಲ್ಲ. ಮನೆಗೆ ಬಂದು ಮೊಣಕಾಲೂರಿದ್ರೆ ಪ್ರೀತಿಯುಳ್ಳ ಪರಲೋಕದ ತಂದೆಯೇ ಅಂತ ಶುರುವಾಗೋ ಮಾತು, ಮೈಕ್ ಮುಂದೆ ಬರೋ ಅದೇ ದನಿ, ಅದೇ ಏರಿಳಿತ, ಒಳಗೆ ಮಾತ್ರ ಏನೂ ಇಲ್ಲ. ಸುಮಾರು ವರ್ಷ ಹಾಗೇ ಹೋಯ್ತು.

ಹಾಗಂತ ನಿಂಗೂ ವರ್ಷಗಟ್ಟಲೆ ಹಾಗೇ ಇರುತ್ತೆ ಅಂತಲ್ಲ. ಹೆದರಿಸೋಕೆ ಬರೀತಿಲ್ಲ. ಏನೂ ಆಗಿಲ್ಲ ಬಿಡು ಅಂತ ಹೇಳೋಕೂ ನಂಗೆ ಬಾಯಿ ಬರಲ್ಲ.

ನಂಬಿಕೆ ಕಡಿಮೆ ಆಗ್ತಿದೆಯಾ ಅಂತ ಕೇಳಿದ್ದೀಯ. ನಿಮ್ಮಲ್ಲೂ ಯಾರಾದ್ರೂ ಹೇಳಿರ್ತಾರೆ, ಜೀವಿತದಲ್ಲಿ ಏನೋ ಪಾಪ ಇರಬೇಕು, ಉಪವಾಸ ಮಾಡು ಅಂತ. ಚಾಪೆಲ್‌ನಲ್ಲಿ ಸಾಕ್ಷಿ ಹೇಳೋರೆಲ್ಲ ಕಷ್ಟ ಮುಗಿದ ಮೇಲೇ ಮೈಕ್ ಹಿಡೀತಾರೆ, ಕಷ್ಟದ ಮಧ್ಯದಲ್ಲಿ ಇರೋನ ಕೈಗೆ ಮೈಕ್ ಕೊಟ್ಟಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಒಂಟಿ ಅನ್ಸುತ್ತೆ. ಆದ್ರೆ ಬೈಬಲಿನ ಕೀರ್ತನೆಗಳಲ್ಲಿ 88ನೇದು ತೆಗೆದು ನೋಡು, ಶುರುವಿನಿಂದ ಕೊನೆವರೆಗೂ ಕತ್ತಲೆನೇ, ಕೊನೇ ವಚನದಲ್ಲೂ ಹಲ್ಲೆಲೂಯಾ ಇಲ್ಲ. ಅದನ್ನ ಯಾರೂ ಕಿತ್ತು ಹಾಕಿಲ್ಲ.

ಇನ್ನೊಬ್ಬರ ವಿಷಯ ಹೇಳ್ತೀನಿ, ನಿಮ್ಮ ಸ್ಕೂಲಲ್ಲಿ ಓದಿಸ್ತಾರೋ ಇಲ್ವೋ, ಕ್ಯಾಥೋಲಿಕ್ ಅಂತ ಬಿಟ್ಟಿರಬಹುದು. ಆವಿಲಾದ ತೆರೇಸಾ, 1515ರಲ್ಲಿ ಹುಟ್ಟಿ 1582ರಲ್ಲಿ ತೀರಿಕೊಂಡ ಸ್ಪೇನಿನ ಸನ್ಯಾಸಿನಿ, ಪ್ರಾರ್ಥನೆ ಬಗ್ಗೆ ಅವರಷ್ಟು ಬರೆದೋರು ಕಡಿಮೆ. ಅವರೇ ತಮ್ಮ ಜೀವನ ಚರಿತ್ರೆಯಲ್ಲಿ ಒಪ್ಕೊಳ್ತಾರೆ, ಎಷ್ಟೋ ವರ್ಷ ಪ್ರಾರ್ಥನೆಗೆ ಕೂತ್ರೆ ಈ ಒಂದು ಗಂಟೆ ಯಾವಾಗ ಮುಗಿಯುತ್ತೋ, ಗಡಿಯಾರ ಯಾವಾಗ ಹೊಡೆಯುತ್ತೋ ಅಂತಾನೇ ಕಿವಿ ಅಲ್ಲಿರ್ತಿತ್ತು ಅಂತ. ನಾನು ಇಂಗ್ಲಿಷ್ ಅನುವಾದದಲ್ಲಿ ಓದ್ದೆ, ಓದಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಸ್ಪ್ಯಾನಿಷಲ್ಲಿ ಹುಟ್ಟಿ ಸ್ಪ್ಯಾನಿಷಲ್ಲೇ ಪ್ರಾರ್ಥಿಸಿದೋರಿಗೆ ಹಾಗಾಗಿದ್ರೆ ಅದು ಬರೀ ನಿನ್ನ ವ್ಯಾಕರಣದ ತಪ್ಪಲ್ಲ ಅಲ್ವಾ. ಆ ಪುಸ್ತಕ ಅವರು ಬದುಕಿದ್ದಾಗ ಅಚ್ಚಾಗಲೇ ಇಲ್ಲ, ಹಸ್ತಪ್ರತಿ ಇನ್‌ಕ್ವಿಸಿಷನ್ ಕೈಗೆ, ಅಂದ್ರೆ ಧರ್ಮ ತಪ್ಪಿದೋರನ್ನ ವಿಚಾರಣೆ ಮಾಡೋ ಚರ್ಚ್ ಕೋರ್ಟಿನ ಕೈಗೆ ಹೋಗಿತ್ತು, 1588ರಲ್ಲಿ ಅಚ್ಚಾಯ್ತು.

ಅದೇ ಕಾಲದವನು ಬೈಬಲನ್ನ ಸ್ಪ್ಯಾನಿಷ್‌ಗೆ ತಿರುಗಿಸಿದ ನಿಮ್ಮ ರೇನಾ. ಕಾಸಿಯೋದೊರೋ ದೆ ರೇನಾ ಸೆವಿಯಾ ಹತ್ತಿರದ ಮಠ ಬಿಟ್ಟು 1557ರಲ್ಲಿ ಓಡಿ ಹೋದ, ಅವನು ಸಿಗಲಿಲ್ಲ ಅಂತ 1562ರಲ್ಲಿ ಅದೇ ಇನ್‌ಕ್ವಿಸಿಷನ್‌ನವರು ಅವನ ಪ್ರತಿಕೃತಿ ಮಾಡಿ ಸುಟ್ಟರು. ಅವನ ಬೈಬಲ್ 1569ರಲ್ಲಿ ಅಚ್ಚಾಗಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಬಾಸೆಲ್ ಅಂದ್ರೆ ನಮಗೆ ಮಿಷನ್ನೇ ನೆನಪಾಗೋದು, ಆ ಮಿಷನ್ ಶುರುವಾಗಿದ್ದು 1815ರಲ್ಲಿ, ಇದು ಅದಕ್ಕೂ ಹೆಚ್ಚುಕಡಿಮೆ 250 ವರ್ಷ ಮುಂಚಿನ ಮಾತು. ಆಮೇಲೆ ಅದೇ ಮಠದಿಂದ ಓಡಿ ಬಂದಿದ್ದ ವಲೇರಾ ಅದನ್ನ ತಿದ್ದಿ 1602ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚು ಹಾಕಿಸಿದ. ನಿನ್ನ ಕೈಯಲ್ಲಿರೋ 1960ರ ರೇನಾ-ವಲೇರಾ ಅದರ ವಂಶದ್ದೇ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಊರು ಊರು ಓಡ್ತಾ ಅಷ್ಟು ವರ್ಷ ಒಂದೊಂದು ವಚನನೂ ಮೂಲಕ್ಕೆ ಹೋಲಿಸಿ ಬರೆಯೋವಾಗ ಅವನಿಗೂ ದೇವರ ಮಾತು ಬರೀ ಕ್ರಿಯಾಪದ, ವಿಭಕ್ತಿ ಆಗಿ ಕಂಡ ದಿನಗಳು ಇದ್ದಿರಲೇಬೇಕು ಅಂತ ನನ್ನ ಊಹೆ. ಅವನೆಲ್ಲೂ ಹಾಗೆ ಬರ್ದಿಟ್ಟಿದ್ದನ್ನ ನಾನು ಓದಿಲ್ಲ, ಬರೀ ನನ್ನ ಊಹೆ, ಪರೀಕ್ಷೆಲಿ ಬರೀಬೇಡ.

ಮತ್ತೆ ನನ್ನ ವಿಷಯಕ್ಕೇ ಬಂದೆ ಅಂತ ಬೇಜಾರಾಗಬೇಡ. ಆಗ ನಮ್ಮ ಸಭೇಲಿದ್ದ ಅಯ್ಯನವರು, ನೀನು ನೋಡಿಲ್ಲ, ನಿಮ್ಮಮ್ಮನ ಮದುವೆ ಮಾಡಿಸಿದೋರು, ಒಂದು ದಿನ ಆರಾಧನೆ ಮುಗಿದ ಮೇಲೆ ಎಲ್ಲರೂ ಹೋದ ಮೇಲೆ ನನ್ನನ್ನ ನಿಲ್ಲಿಸಿ, ಏನಪ್ಪಾ ನಿನ್ನ ಆತ್ಮಿಕ ಜೀವಿತ ಹೇಗಿದೆ ಅಂದ್ರು. ದೇವರ ಕೃಪೆಯಿಂದ ಚೆನ್ನಾಗಿದೆ ಅಯ್ಯನವರೇ ಅಂದೆ. ಅವರು ತಕ್ಷಣ ಹೋಗಲಿಲ್ಲ. ಹಾಡಿನ ಪುಸ್ತಕಗಳನ್ನ ಒಂದೊಂದಾಗಿ ಎತ್ತಿ ಜೋಡಿಸ್ತಾ ನಿಂತ್ರು, ಆ ಕೆಲಸ ಮಾಡೋಕೆ ಬೇರೆ ಹುಡುಗರಿದ್ರು, ನಾನು ಹೇಳ್ತೀನೇನೋ ಅಂತ ಕಾಯ್ತಿದ್ರು ಅಂತ ನಂಗೆ ಆಗ್ಲೇ ಗೊತ್ತಾಗ್ತಿತ್ತು. ನಾನೂ ಪುಸ್ತಕ ಜೋಡಿಸೋಕೆ ಕೈ ಹಾಕ್ದೆ, ಮಾತಾಡ್ಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಕರ್ತನಲ್ಲಿ ನಿದ್ರೆ ಹೋದ್ರು. ಅವರಿಗೆ ಹೇಳಿದ್ರೆ ಏನಂತಿದ್ರೋ, ಬೈತಿದ್ರೋ, ನಂಗೂ ಹಾಗೇ ಆಗಿತ್ತು ಕಣೋ ಅಂತಿದ್ರೋ, ಇವತ್ತಿಗೂ ಯೋಚನೆ ಮಾಡ್ತೀನಿ. ಆ ಸಂಕಟ ಹೋಗಿಲ್ಲ.

ನೀನು ಬರ್ದಿದ್ದೀಯಲ್ಲ, ಅದಕ್ಕೇ ನಂಗೆ ಭಯದ ಜೊತೆ ಒಂದು ಸಮಾಧಾನನೂ ಇದೆ. ನಾನು ಅಷ್ಟು ವರ್ಷದಲ್ಲಿ ಹೇಳದೇ ಇದ್ದಿದ್ದನ್ನ ನೀನು ಮೊದಲನೇ ವರ್ಷದಲ್ಲೇ ಹೇಳಿದೆ.

ಇನ್ನು ಏನು ಮಾಡಬೇಕು ಅಂತ. ಇಲ್ಲಿ ನಾನು ದೊಡ್ಡ ಮನುಷ್ಯ ಏನಲ್ಲ, ಸ್ಪ್ಯಾನಿಷ್ ಓದಿದೋನೂ ಅಲ್ಲ, ಬೈಬಲ್ ಸ್ಕೂಲ್ ಮೆಟ್ಟಿಲು ಹತ್ತಿದೋನೂ ಅಲ್ಲ, ಆದ್ರೂ ಮಾವ ಅಂತ ಕೇಳಿದ್ದಕ್ಕೆ ಹೇಳ್ತೀನಿ. ಬೆಳಗಿನ ಧ್ಯಾನಕ್ಕೆ ಕೂರುವಾಗ ಆ ಸ್ಪ್ಯಾನಿಷ್ ಬೈಬಲ್ಲು ಪೆನ್ಸಿಲ್ಲು ಎರಡೂ ದೂರ ಇಡು. ಪೆನ್ಸಿಲ್ ಕೈಯಲ್ಲಿದ್ರೆ ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯೋಕೆ ಶುರು ಮಾಡ್ತೀಯ, ಆಮೇಲೆ ಡಿಕ್ಷನರಿ, ಆಮೇಲೆ ಬೆಲ್ ಹೊಡೆಯುತ್ತೆ. ಬಸ್ಸಲ್ಲಿ, ಕ್ಲಾಸ್ ಮಧ್ಯೆ ಎಷ್ಟು ಬೇಕಾದ್ರೂ ಸ್ಪ್ಯಾನಿಷ್ ಓದು. ಅಥವಾ ಇದು ತಪ್ಪು ಸಲಹೆನೂ ಇರಬಹುದು, ನಿಮ್ಮ ಟೀಚರ್ ಸ್ಪ್ಯಾನಿಷಲ್ಲೇ ಧ್ಯಾನ ಮಾಡು ಅಂದಿದ್ರೆ ಅವರ ಮಾತು ಕೇಳು.

ಇಡೀ ದಿನ ಬೇರೆ ಭಾಷೇಲೇ ಕೇಳಿ, ಮಾತಾಡಿ ಸಾಯಂಕಾಲದ ಹೊತ್ತಿಗೆ ತಲೆ ಸುಸ್ತಾಗಿ ಹೋಗುತ್ತೆ, ಆಗ ಯಾವ ಭಾಷೇಲೂ ಏನೂ ಅನ್ಸಲ್ಲ, ಅಮ್ಮನ ಫೋನ್ ಬಂದ್ರೂ ಮಾತಾಡೋಕೆ ಬೇಜಾರು. ಇಂಟರ್‌ಪ್ರಿಟರ್ ಆಗಿದ್ದಾಗ ನಂಗೆ ಹಾಗಾಗ್ತಿತ್ತು. ಆ ಹೊತ್ತಲ್ಲಿ ನಿನ್ನ ಆತ್ಮಿಕ ಜೀವಿತದ ಲೆಕ್ಕ ಹಾಕೋಕೆ ಕೂರಬೇಡ, ಮಲಗು. ನಿದ್ದೆ ಬಿಟ್ಟು ಪ್ರಾರ್ಥಿಸೋ ಹಟ ಈಗ ಬೇಡ, ಪ್ರವಾದಿ ಎಲೀಯನಿಗೇ ದೇವದೂತ ಮೊದಲು ಎಬ್ಬಿಸಿ ತಿನ್ನಿಸಿದ, ಅವನು ಮತ್ತೆ ಮಲಗಿದ, ಯಾರೂ ಬೈಲಿಲ್ಲ.

ಸ್ವಂತ ವಾಕ್ಯ ಜೋಡಿಸೋದು ಕಷ್ಟ ಆದ್ರೆ ಇನ್ನೊಬ್ಬರ ಮಾತು ತಗೋ. 23ನೇ ಕೀರ್ತನೆ ಸ್ಪ್ಯಾನಿಷಲ್ಲಿ ಬಾಯಿಪಾಠ ಮಾಡು, ಅದರಲ್ಲಿ ನೀನು ತಿದ್ದಬೇಕಾದ ಕ್ರಿಯಾಪದ ಒಂದೂ ಇಲ್ಲ. ಚಾಪೆಲ್‌ನಲ್ಲಿ ಒಂದು ದಿನ ನಿನ್ನ ಸರದಿ ಬಂದಾಗ ಪಕ್ಕದೋರಿಗೆ ಬಿಟ್ಟುಕೊಡು, ಪ್ರಾರ್ಥನೆ ಮಾಡಲೇಬೇಕು ಅಂತ ರೂಲ್ಸ್ ಇದ್ರೆ ಎರಡೇ ಮಾತು ಹೇಳು, ಸಣ್ಣ ಮಗು ಮಾತಾಡೋ ಅಷ್ಟೇ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸೋ ಹೊತ್ತು ಇರುತ್ತಲ್ಲ, ಆಗ ಕನ್ನಡದಲ್ಲಿ ಏನಾದ್ರೂ ಹೇಳ್ಕೋ, ಯಾರಿಗೂ ಕೇಳಲ್ಲ, ಕೇಳಿದ್ರೂ ಅರ್ಥ ಆಗಲ್ಲ.

ಕನ್ನಡದಲ್ಲೂ ಬರ್ತಿಲ್ಲ ಅಂದವಳಿಗೆ ಕನ್ನಡದಲ್ಲಿ ಹೇಳ್ಕೋ ಅಂತಿದ್ದೀನಿ, ನೋಡು. ಹೇಳೋದು ಸುಲಭ. ಬರದೇ ಇದ್ರೆ ಸುಮ್ಮನೆ ಕೂರು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಹೇಳ್ತಾನಲ್ಲ, ಹೇಗೆ ಪ್ರಾರ್ಥಿಸಬೇಕು ಅಂತ ನಮಗೆ ಗೊತ್ತಿಲ್ಲದಾಗ ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡ್ತಾನೆ ಅಂತ, ನಾನು ಅದನ್ನ ಸ್ಟೇಜ್ ಮೇಲೆ ಎಷ್ಟು ಸಲ ಕನ್ನಡಕ್ಕೆ ತಿರುಗಿಸಿದ್ದೀನೋ, ನನ್ನ ಕಿವಿಗೆ ಬಿದ್ದಿದ್ದು ಗಂಟಲು ಕೆಟ್ಟ ವರ್ಷ. ಆ ಗಂಟಲಿನ ಕಥೆ ನಿಂಗೆ ಗೊತ್ತಿದೆ, ಡಾಕ್ಟರು ಮಾತೇ ಆಡಬೇಡಿ ಅಂದಿದ್ದು, ಸ್ಟೇಜ್ ಮೇಲೆ ಬೇರೆ ಹುಡುಗ ನಿಂತಿದ್ದು. ನಾನು ಹಿಂದೆ ಜಮಖಾನದ ಮೇಲೆ ಜನರ ಮಧ್ಯೆ ಕೂತಿದ್ದೆ, ಮಾಡೋಕೆ ಏನೂ ಕೆಲಸ ಇರ್ಲಿಲ್ಲ. ಆ ಹುಡುಗ ಒಂದೆರಡು ಕಡೆ ತಪ್ಪು ತಪ್ಪಾಗಿ ತಿರುಗಿಸ್ತಾ ಇದ್ದ, ಮೊದಮೊದಲು ಅದನ್ನೇ ತಿದ್ದುತ್ತಾ ಕೂತಿದ್ದೆ, ಎಲ್ಲೋ ಒಂದು ಕಡೆ ತಿದ್ದೋದು ನಿಂತು ಹೋಯ್ತು. ಯಾಕೆ ನಿಂತಿತು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಅವತ್ತೇ ಎಲ್ಲ ಸರಿ ಹೋಯ್ತು ಅಂತಾನೂ ಹೇಳಲ್ಲ, ಈಗಲೂ ಕೆಲವು ದಿನ ಆ ಹಳೇ ದನಿನೇ ಬಾಯಿಗೆ ಬರುತ್ತೆ.

ಅಲ್ಲಿ ಯಾರಾದ್ರೂ ಒಬ್ಬರಿಗೆ ಹೇಳು ಪುಟ್ಟೀ. ಪತ್ರದಲ್ಲಿ ನಂಗೆ ಹೇಳಿದ್ದು ಸರಿ, ಆದ್ರೆ ನಾನು ದೂರ. ವಾರ್ಡನ್‌ಗೆ ಬೇಡ ಅನ್ಸಿದ್ರೆ ಆ ರೂಂಮೇಟ್‌ಗೆ ಹೇಳು, ಅರ್ಧ ವಾಕ್ಯಕ್ಕೇ ಆಮೆನ್ ಅಂದೋಳು ಅವಳು. ನಿನ್ನ ಹರುಕು ಮುರುಕು ಸ್ಪ್ಯಾನಿಷಲ್ಲೇ ಹೇಳು, ತಪ್ಪಾದ್ರೆ ಆಗ್ಲಿ. ಅವಳ ಅಪ್ಪ ಈಗ ಹೇಗಿದ್ದಾರೆ ಅಂತಾನೂ ಕೇಳಿ ಬರಿ, ನಾವಿಲ್ಲಿ ಕುಟುಂಬ ಪ್ರಾರ್ಥನೇಲಿ ನೆನಪು ಮಾಡ್ಕೊಳ್ತಿದ್ದೀವಿ, ಹೆಸರು ಗೊತ್ತಿಲ್ಲ ಅಂತ ನಿಮ್ಮತ್ತೆ ಪುಟ್ಟಿ ರೂಂಮೇಟ್ ಅಪ್ಪ ಅಂತಲೇ ಹೇಳ್ತಾಳೆ.

ಮುಂದಿನ ಪತ್ರದಲ್ಲಿ ಈಗ ಸರಿಯಾಗಿದೆ ಮಾವಾ ಅಂತ ನನ್ನ ಸಮಾಧಾನಕ್ಕೆ ಬರೀಬೇಡ. ಆಗದೇ ಇದ್ರೆ ಆಗಿಲ್ಲ ಅಂತಲೇ ಬರಿ. ನಿಮ್ಮಮ್ಮ ಪುಟ್ಟಿ ಏನು ಬರ್ದಿದ್ದಾಳೆ ಅಂತ ಎರಡು ಸಲ ಕೇಳಿದಳು, ಓದು ಜಾಸ್ತಿಯಂತೆ ಅಂದೆ ಅಷ್ಟೇ. ಆ ಪುಟ ಅವಳಿಗೆ ತೋರಿಸಿಲ್ಲ, ಹೇಳೋದಾದ್ರೆ ನೀನೇ ಹೇಳು.

ನಿನ್ನ,
ಮಾವ