ಟು-ಡು ಲಿಸ್ಟ್ ಸಾಕು, ಅಳತೆ ಡೈರಿ ತೆಗೆಯಿರಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸ. ಹೊಸಬರ ಇಂಟರ್‌ವ್ಯೂಗೆ ಕೂರುವ ಪಾಳಿ ಆಗಾಗ ನನಗೂ ಬರುತ್ತದೆ. ವೆಬ್ ಡೆವಲಪ್‌ಮೆಂಟ್ ಕಲಿತವರ ಹತ್ತು ರೆಸ್ಯೂಮೆ ತೆಗೆದರೆ ಹೆಚ್ಚುಕಮ್ಮಿ ಹತ್ತರಲ್ಲೂ ಅದೇ ಟು-ಡು ಲಿಸ್ಟ್, ಅದೇ ಹವಾಮಾನದ ಆ್ಯಪ್, ಅದೇ ನೆಟ್‌ಫ್ಲಿಕ್ಸ್ ನಕಲು. ವಿಡಿಯೊ ನೋಡಿ ಕಲಿಯುವುದು ತಪ್ಪಲ್ಲ, ನಾನೂ ಹಾಗೇ ಕಲಿತವನು. ಆದರೆ 'ಎಲ್ಲಿ ಸಿಕ್ಕಿಹಾಕಿಕೊಂಡೆ?' ಅಂತ ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಸಿಕ್ಕಿಹಾಕಿಕೊಂಡೇ ಇಲ್ಲವಲ್ಲ, ವಿಡಿಯೊ ಮಾಡಿದವರು ಮೊದಲೇ ಎಲ್ಲ ಸರಿಮಾಡಿ ಇಟ್ಟಿರುತ್ತಾರೆ.

ಪಕ್ಕದ ಮನೆ ಹುಡುಗ ಬಿಸಿಎ ಓದುತ್ತಿದ್ದಾನೆ. 'ಯಾವ ಪ್ರಾಜೆಕ್ಟ್ ಮಾಡ್ಲಿ ಕಾಕಾ?' ಅಂತ ಬಂದ. ಅವನ ಅತ್ತೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಗಿರಾಕಿಗಳ ಅಳತೆಯೆಲ್ಲ ಒಂದು ಹಳೇ ಡೈರಿಯಲ್ಲಿದೆ. ಅದನ್ನೇ ವೆಬ್ ಪುಟ ಮಾಡು ಅಂದೆ. ಇಷ್ಟೇನಾ ಅಂತ ಮುಖ ಸಣ್ಣ ಮಾಡಿದ.

ಮೊದಲ ದಿನವೇ ಎಡವಟ್ಟಾಯಿತು. ಎದೆ ಸುತ್ತಳತೆ 34.5 ಅಂತ ಹಾಕಿದರೆ ಫಾರ್ಮ್ ಒಪ್ಪಲಿಲ್ಲ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ ನಂಬರ್ ಬಾಕ್ಸ್‌ಗೆ ಸ್ಟೆಪ್, ಅಂದರೆ ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಜಿಗಿತ, ಎಷ್ಟು ಅಂತ ಹೇಳದಿದ್ದರೆ ಅದು 1 ಅಂತಲೇ ಹಿಡಿಯುತ್ತದೆ: 34 ಸರಿ, 35 ಸರಿ, ನಡುವಿನ ಅರ್ಧ ಇಂಚು ಲೆಕ್ಕಕ್ಕಿಲ್ಲ. ಬ್ಲೌಸ್ ಹೊಲಿಯುವವರಿಗೆ ಆ ಅರ್ಧ ಇಂಚೇ ಜಗಳದ ಮೂಲ ಅಲ್ವಾ? ಸ್ಟೆಪ್ 0.25 ಮಾಡಿದ. ಲಾಸ್ಟ್ ನೇಮ್ ಕಡ್ಡಾಯ ಅಂತ ಇಟ್ಟಿದ್ದ, ಅತ್ತೆಯ ಡೈರಿಯಲ್ಲಿ ಇದ್ದದ್ದು 'ಟೀಚರ್ ಸುಮಾ', 'ಮೂಲೆಮನೆ ಸುಮಾ'. ಹೆಸರು ಉದ್ದವಾದರೆ ಎಂಟು ಅಕ್ಷರಕ್ಕೆ ಕತ್ತರಿಸು ಅಂತ ಕೋಡ್ ಬರೆದ, ಪರದೆ ಮೇಲೆ 'ಅನ್ನಪೂರ್' ಅಂತ ಬಂತು. ಅನ್ನಪೂರ್ಣ ನಮಗೆ ನಾಲ್ಕಕ್ಷರ, ಅವನು ಕೋಡ್ ಬರೆದ ಜಾವಾಸ್ಕ್ರಿಪ್ಟ್ ಭಾಷೆಗೆ ಒಂಬತ್ತು, ಯಾಕೆಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ದೀರ್ಘಕ್ಕೂ ಒತ್ತು ಕೂಡಿಸುವ ಗುರುತಿಗೂ ಬೇರೆ ಬೇರೆ ಎಣಿಕೆ. ಇಂಗ್ಲಿಷ್ ಹೆಸರು ಹಾಕಿಕೊಂಡು ಕಲಿತವರಿಗೆ ಇದು ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇನ್ನೊಂದು. ಮಾಹಿತಿಯನ್ನೆಲ್ಲ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ, ಅಂದರೆ ಆ ಮೊಬೈಲ್‌ನ ಬ್ರೌಸರ್ ಒಳಗೇ, ಇಟ್ಟಿದ್ದ. ಮೊಬೈಲ್‌ನಲ್ಲಿ ಜಾಗ ಸಾಲದು ಅಂತ ಮನೆಯವರು ಯಾರೋ ಬ್ರೌಸರ್ ಡೇಟಾ ಅಳಿಸಿದರು. ಹದಿನೆಂಟು ಜನರ ಅಳತೆ ಮಾಯ! ಡೈರಿ ಇತ್ತು, ಬಚಾವ್. ಡೇಟಾಬೇಸ್ ಯಾಕೆ, ಬ್ಯಾಕಪ್ ಯಾಕೆ ಅಂತ ಆಮೇಲೆ ನಾನು ಹೇಳಬೇಕಾಗಲೇ ಇಲ್ಲ, ಅವನೇ ರಾತ್ರಿಯೆಲ್ಲ ಹುಡುಕಿಕೊಂಡು ಕೂತ.

ಕಾಲೇಜಿನವರಲ್ಲಿ ಒಂದು ವಿನಂತಿ. ಪ್ರಾಜೆಕ್ಟ್‌ಗೆ ಮಾರ್ಕ್ಸ್ ಹಾಕುವಾಗ ಇದನ್ನು ಬಳಸುತ್ತಿರುವ ಒಬ್ಬರನ್ನಾದರೂ ತೋರಿಸು ಅಂತ ಕೇಳಿ. ಹಾಲಿನ ಲೆಕ್ಕವಿರಲಿ, ಹಿಟ್ಟಿನ ಗಿರಣಿಯ ಉದ್ದರಿ ಪಟ್ಟಿಯಿರಲಿ, ಯಾವುದಾದರೂ ಆದೀತು. ದುಡ್ಡು ಕೊಟ್ಟು ರೆಡಿ ಪ್ರಾಜೆಕ್ಟ್ ತಂದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಅಂದಹಾಗೆ, ಸೀರೆ ಕುಚ್ಚಿನ ಲೆಕ್ಕಕ್ಕೂ ಒಂದು ಕಾಲಂ ಬೇಕು ಅಂತ ಅತ್ತೆ ಎರಡು ವಾರದಿಂದ ಹೇಳುತ್ತಿದ್ದಾರೆ. ಪರೀಕ್ಷೆ ಮುಗೀಲಿ ಅಂತಿದ್ದಾನೆ ಹುಡುಗ.

– ಒಬ್ಬ ವೆಬ್ ಡೆವಲಪರ್, ಹುಬ್ಬಳ್ಳಿ