ಏಣಿ ಕಳಿಸಿಬಿಡು

ವಿಕನ್, ಜೂನ್ 21

ಆಯಿಗೆ ನಮಸ್ಕಾರ. ನಾನು ಕ್ಷೇಮ. ಪತ್ರ ಬಂತು. ಭಾರತಿಯ ರಿಸಲ್ಟ್ ಓದಿ ಖುಷಿಯಾಯಿತು. ಪುಟ ತಿರುಗಿಸುತ್ತಲೇ ಎದೆ ಧಸಕ್ಕೆಂದಿತು: ಕಾಗೆ ಗೂಡಿನಿಂದ ಕೋಗಿಲೆ ಮರಿ ತೆಗೆಯಲು ಅಪ್ಪಯ್ಯ ಮರ ಹತ್ತಲು ಹೊರಟಿದ್ದಾನಂತೆ!

ಸ್ಟೆಂಟ್ ಹಾಕಿ ವರ್ಷ ತುಂಬದ ಮನುಷ್ಯ ಹಲಸಿನ ಮರಕ್ಕೆ ಏಣಿ ಹಚ್ಚುವುದೆಂದರೇನು? ಅದೂ ಈ ಮಳೆಯಲ್ಲಿ! ಅಡಿಕೆ ಮರ ಹತ್ತಿ ಕೊಳೆಮದ್ದು ಹೊಡೆಯುವ ಕೊನೆಗೌಡನೇ ಮಳೆ ಹೊಳವಾಗಲಿ ಎಂದು ಜಗುಲಿಯಲ್ಲಿ ಕವಳ ಹಾಕುತ್ತ ಕೂರುತ್ತಾನೆ. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಬೀಳಬಾರದು ಎಂದು ಡಾಕ್ಟರು ನಿನ್ನೆದುರೇ ಹೇಳಿದ್ದಲ್ಲವಾ?

ಕೋಗಿಲೆ ಮರಿ ಕಾಗೆ ಮರಿಗಳನ್ನು ಕೊಲ್ಲುತ್ತದೆ, ಅಜ್ಜನ ಪಿಂಡ ಮುಟ್ಟಿದ ಕಾಗೆ ಅದು ಎಂದು ಅಪ್ಪಯ್ಯನ ಸಂಕಟ. ಇಷ್ಟನ್ನು ಅವನಿಗೇ ಓದಿ ಹೇಳು. ನಮ್ಮೂರ ಕೋಗಿಲೆ ಮರಿ ಸಾಮಾನ್ಯವಾಗಿ ಯಾರನ್ನೂ ಗೂಡಿನಿಂದ ತಳ್ಳುವುದಿಲ್ಲ. ಕಾಗೆಯದ್ದಕ್ಕಿಂತ ಎರಡು ಮೂರು ದಿನ ಮೊದಲೇ ಮೊಟ್ಟೆಯೊಡೆದು ಬರುತ್ತದೆ, ಅವುಗಳ ಪಾಲಿನ ತುತ್ತನ್ನೂ ತಿನ್ನುತ್ತದೆ. ಕಡೆಗೆ ಹುಟ್ಟಿದ ಕಾಗೆ ಮರಿ ಹಸಿದು ಸಾಯಬಹುದು, ಸುಳ್ಳು ಯಾಕೆ ಹೇಳಲಿ. ಆದರೆ ಕೋಗಿಲೆ ಇಲ್ಲದ ಗೂಡಿನಲ್ಲೂ ಕಡೆಯದರ ಪಾಡು ಎಷ್ಟೋ ಸಲ ಅದೇ. ಎರಡೂ ಜಾತಿಯವು ಒಂದೇ ಗೂಡಿನಿಂದ ಹಾರುವುದೂ ಉಂಟು. ಅಪ್ಪಯ್ಯ ಉಪಕಾರಕ್ಕೆ ಬಂದದ್ದು ಎಂದು ಆ ಕಾಗೆಗಳಿಗೇನು ಗೊತ್ತು? ನೆತ್ತಿಗೇ ಕುಕ್ಕುತ್ತವೆ.

ತಳ್ಳುವ ಜಾತಿ ಇಲ್ಲಿ ಇಂಗ್ಲೆಂಡಿನದು, ಕುಕ್ಕೂ ಎಂದು ಹೆಸರು. ನಾನು ಅಲೆಯುವ ವಿಕನ್ ಫೆನ್ ಜೌಗಿನಲ್ಲಿ ರೀಡ್ ವಾರ್ಬ್ಲರ್ ಎಂಬ 12 ಗ್ರಾಮಿನ ಹಕ್ಕಿ ಜೊಂಡಿನಲ್ಲಿ ಗೂಡು ಹೆಣೆಯುತ್ತದೆ. ಕುಕ್ಕೂ ಬಂದು, ಹತ್ತು ಸೆಕೆಂಡಿನಲ್ಲಿ ಒಂದು ಮೊಟ್ಟೆ ಎತ್ತಿ ತನ್ನದನ್ನಿಟ್ಟು ಹೊರಟಿತು. ಇನ್ನೂ ಕಣ್ಣು ಬಿಡದ ಅದರ ಮರಿ ಉಳಿದ ಮೊಟ್ಟೆ, ಮರಿ ಎಲ್ಲವನ್ನೂ ಬೆನ್ನಿಗೆ ಹೇರಿಕೊಂಡು ಅಂಚಿನಾಚೆ ಕೆಡವುತ್ತದೆ. ಆ ಗೂಡಿನದು ಒಂದೂ ಉಳಿಯುವುದಿಲ್ಲ. ಸಿಡುಬಿನ ಲಸಿಕೆಯ ಜೆನ್ನರ್ 1788ರಲ್ಲೇ ಇದನ್ನು ಬರೆದಿದ್ದ, ಆಗ ಬಹಳ ಜನ ನಂಬಲಿಲ್ಲವಂತೆ. ಆಮೇಲೆ ಆ ಒಂಟಿ ಮರಿ ಗೂಡು ತುಂಬ ಮರಿಗಳಿದ್ದ ಹಾಗೆ ಕೂಗುತ್ತದೆ, ಪಾಪದ ಹಕ್ಕಿ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಮರಿಯ ಬಾಯಿಗೆ ಹುಳ ತುಂಬುತ್ತಲೇ ಇರುತ್ತದೆ. ಇಂಥ ಕುಕ್ಕೂ ಮೇಲೆ ಇವರಿಗೆಷ್ಟು ಪ್ರೀತಿ ಎಂದರೆ, ವರ್ಷದ ಮೊದಲ ಕೂಗು ಕೇಳಿದವರು ಪೇಪರಿಗೆ ಪತ್ರ ಬರೆಯುತ್ತಿದ್ದರು! ನಮ್ಮಲ್ಲಿ ಬರೆದರೆ ಸಿರ್ಸಿ ಪೇಟೆಯೆಲ್ಲ ನಗುತ್ತದೆ.

ಸ್ಪೇನಿನಲ್ಲಿ ಇನ್ನೊಂದು ಜಾತಿಯ ಕುಕ್ಕೂ ಕಾಗೆ ಗೂಡಿನಲ್ಲಿ ಬೆಳೆಯುತ್ತದೆ. ಅದರ ಮರಿ ಹಿಡಿದರೆ ಗಬ್ಬು ನಾರುವ ದ್ರವ ಬಿಡುತ್ತದೆ, ಬೇಟೆಯ ಪ್ರಾಣಿಗಳು ಅದಕ್ಕೆ ಹೇಸುತ್ತವೆ. ಅಂಥ ಗೂಡಿನಲ್ಲಿ ಒಂದಾದರೂ ಕಾಗೆ ಮರಿ ಉಳಿಯುವ ಸಂಭವ ಹೆಚ್ಚೆಂದು 2014ರಲ್ಲಿ ಪ್ರಕಟವಾಗಿದೆ. ಅಪ್ಪಯ್ಯನಿಗೆ ಇದು ಇಷ್ಟವಾದೀತು.

ಏಣಿಯನ್ನು ಇವತ್ತೇ ಗಣಪಣ್ಣನ ಮನೆಗೆ ಕಳಿಸಿಬಿಡು. ತಪಾಸಣೆ ತಪ್ಪಿಸಬೇಡಿ, ದುಡ್ಡು ಹಾಕಿದ್ದೇನೆ. ನನ್ನ ಚಿಂತೆ ಬೇಡವೇ ಬೇಡ: ಊಟ ಚೆನ್ನಾಗಿದೆ, ಚಳಿ ಇಲ್ಲ, ಕೆಮ್ಮು ಪೂರ್ತಿ ಹೋಗಿದೆ, ಜೌಗಿನಲ್ಲಿ ಮೊಣಕಾಲುದ್ದದ ಬೂಟು ಹಾಕುತ್ತೇನೆ. ವ್ಯಾನು ಬಂತು, ಉಳಿದದ್ದು ಫೋನಿನಲ್ಲಿ.

ಸುಮಾ