ಶನಿವಾರದ ಪೇಪರಿನಲ್ಲಿ ಮಕ್ಕಳಿಗಾಗಿ ನಾಲ್ಕು ಸಾಲು

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬರುತ್ತಿದೆ. ನಮ್ಮ ಮನೆಯಲ್ಲಿ ಆರು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. "ಅಮ್ಮ, ರಜೆಗೆ ಎಲ್ಲಿಗೆ?" ಅಂತ ಮಗಳು ಈಗಲೇ ಶುರು ಮಾಡಿದ್ದಾಳೆ. ಕೊಡಗಿನಲ್ಲೇ ಇದ್ದುಕೊಂಡು ಇದನ್ನೂ ಯೋಚನೆ ಮಾಡಬೇಕಾ ಅಂತ ಹೊರಗಿನವರು ಕೇಳಬಹುದು. ಬೆಂಗಳೂರಿನಿಂದ ಜನ ರಾತ್ರಿ ನಿದ್ದೆ ಬಿಟ್ಟು ಗಾಡಿ ಓಡಿಸಿಕೊಂಡು ಬರುವ ಊರು ನಮ್ಮದು, ನಿಜ. ಆದರೆ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಹೊರಟವರಿಗೆ ಗೊತ್ತು, ದೊಡ್ಡವರು ನೋಡುವ ಜಾಗವೇ ಬೇರೆ, ಮಕ್ಕಳು ಖುಷಿಯಾಗಿ ಇರುವ ಜಾಗವೇ ಬೇರೆ.

ಜುಲೈನಲ್ಲಿ ಒಂದು ಭಾನುವಾರ ದುಬಾರೆಗೆ, ಬೋಟಿನಲ್ಲಿ ಹೊಳೆ ದಾಟಿ ಹೋಗುವ ಆನೆ ಶಿಬಿರಕ್ಕೆ, ಹೊರಟೆವು. ಆನೆಗೆ ಸ್ನಾನ ಮಾಡಿಸುವುದನ್ನು ನೋಡಬೇಕು ಅಂತ ಮಗಳಿಗೆ ವಾರದಿಂದ ಅದೇ ಧ್ಯಾನ. ಬೆಳಿಗ್ಗೆ ಎದ್ದವಳೇ ಒಂದು ಕವರಿಗೆ ನಾಲ್ಕು ಬಾಳೆಹಣ್ಣು ಹಾಕಿಕೊಂಡು, ಶೂ ಹಾಕಿಕೊಂಡು, ಬಾಗಿಲಲ್ಲಿ ನಿಂತಿದ್ದಳು. ಹೋಗಿ ನೋಡಿದರೆ ಕಾವೇರಿ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿದ್ದಾಳೆ, ಬೋಟು ಕಟ್ಟಿ ಹಾಕಿದ್ದಾರೆ. ಅಂಥ ನೀರಿನಲ್ಲಿ ದಾಟಿಸದೆ ಇದ್ದದ್ದೇ ಸರಿ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಆಚೆ ದಡದಲ್ಲಿ ಮರದ ಸಂದಿಯಲ್ಲಿ ಒಂದು ಆನೆಯ ಬೆನ್ನು ಕಾಣಿಸುತ್ತಿತ್ತು. ಅದನ್ನು ನೋಡಿದ ಮೇಲೆ ಅಳು ಇನ್ನೂ ಜಾಸ್ತಿಯಾಯಿತು. ನಮ್ಮ ಹಾಗೇ ಬಂದು ಕಾರು ತಿರುಗಿಸುತ್ತಿದ್ದ ಸಂಸಾರಗಳು ಎಷ್ಟೋ ಇದ್ದವು, ಒಂದೊಂದು ಕಾರಿನಲ್ಲೂ ಮುಖ ಸಣ್ಣದು ಮಾಡಿಕೊಂಡ ಮಕ್ಕಳು. ವಾಪಸ್ ಬರುವಾಗ ಬಾಳೆಹಣ್ಣನ್ನು ಮಗ ತಿಂದ. ಮಗಳು ಅದರ ಕಡೆ ನೋಡಲೂ ಇಲ್ಲ.

ಬೋಟ್ ನಿಂತಿದೆ ಅಂತ ಹಿಂದಿನ ದಿನ ಗೊತ್ತಿದ್ದರೆ ಸಾಕಿತ್ತು ಅಲ್ವಾ? ಬೇರೆ ಎಲ್ಲಿಗಾದರೂ ಹೋಗುತ್ತಿದ್ದೆವು.

ಇಷ್ಟು ಹೇಳಿದ್ದು ಯಾಕೆಂದರೆ, ನನಗೆ ನಿಮ್ಮ ಪತ್ರಿಕೆಯಿಂದ ಒಂದು ಸಹಾಯ ಬೇಕು. ಪ್ರತಿ ಶನಿವಾರ ಒಂದು ಸಣ್ಣ ಬಾಕ್ಸ್ ಹಾಕಿ. ದುಬಾರೆಗೆ ಬೋಟ್ ಇದೆಯಾ ಇಲ್ವಾ, ಯಾವ ಜಲಪಾತಕ್ಕೆ ಹೋಗಲು ಬಿಡುತ್ತಿಲ್ಲ, ಯಾವ ರಸ್ತೆಯಲ್ಲಿ ಗುಡ್ಡ ಕುಸಿದಿದೆ, ಮಕ್ಕಳು ಆಡುವಂಥ ಕಾರ್ಯಕ್ರಮ ಯಾವ ಊರಿನಲ್ಲಿದೆ, ಇಷ್ಟೇ. ನಾಲ್ಕು ಸಾಲು ಸಾಕು. ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ ಅಂತ ಹೇಳಬಹುದು, ಆದರೆ ಅಲ್ಲಿ ಬರುವುದು ಹೋದ ವರ್ಷದ್ದಾ ಈ ವರ್ಷದ್ದಾ ಅಂತಲೇ ತಿಳಿಯುವುದಿಲ್ಲ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರು ನಾವು. ಮಳೆಗಾಲದಲ್ಲಿ ಸುಮ್ನೆ ಧೈರ್ಯ ಮಾಡಿ ಮಕ್ಕಳನ್ನು ಕರೆದುಕೊಂಡು ಹೊರಡಲು ಆಗುವುದಿಲ್ಲ.

ಕೆಸರುಗದ್ದೆ ವಿಷಯವನ್ನೇ ನೋಡಿ. ಜುಲೈ, ಆಗಸ್ಟ್ ಬಂದರೆ ಊರೂರಿನಲ್ಲೂ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದೆ. ಸೋಮವಾರದ ಪೇಪರಿನಲ್ಲಿ ಚಂದದ ಫೋಟೋ ಬರುತ್ತದೆ, ಮಕ್ಕಳು ಮೈಯೆಲ್ಲ ಕೆಸರು ಮಾಡಿಕೊಂಡು ನಗುತ್ತಿರುವ ಫೋಟೋ. ಅದನ್ನು ನೋಡಿ "ಅಯ್ಯೋ, ಇಲ್ಲೇ ಪಕ್ಕದಲ್ಲಿ ಇತ್ತಾ, ನಾವೂ ಹೋಗಬಹುದಿತ್ತು" ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ಮುಗಿದ ಮೇಲಿನ ಸುದ್ದಿಯಲ್ಲಿ ಬಹುಮಾನ ಗೆದ್ದವರ ಹೆಸರು, ವೇದಿಕೆ ಮೇಲಿದ್ದವರ ಹೆಸರು ಎಲ್ಲ ಇರುತ್ತದೆ. ಮುಂಚೆ ಎರಡು ಸಾಲು ಬಂದರೆ ನಮ್ಮಂಥವರು ಹೋಗುತ್ತೇವೆ.

ಈ ವರ್ಷ ಹೇಗೋ ಗೊತ್ತಾಗಿ, ವಿರಾಜಪೇಟೆ ಕಡೆ ನನ್ನ ತವರಿನ ಹತ್ತಿರದ ಗದ್ದೆಗೆ ಹೋದೆವು. ಮಗ ಮೊದಲು ಏರಿ ಮೇಲೆ ನನ್ನ ಕಾಲು ಹಿಡಿದುಕೊಂಡು ನಿಂತಿದ್ದ. ಒಂದು ಬೆರಳು ಅದ್ದಿದ. ಆಮೇಲೆ ಒಂದು ಕಾಲು. ಕಾಲು ಹೂತುಕೊಂಡಿತು, ಎಳೆದರೆ ಪಚಕ್ ಅಂತ ಸದ್ದು ಬಂತು. ಆ ಸದ್ದಿಗೆ ಅವನು ನಕ್ಕ ನಗು ಇದೆಯಲ್ಲ, ಅಂಥ ನಗುವನ್ನು ನಾನು ಯಾವ ಪಾರ್ಕಿನಲ್ಲೂ ಕೇಳಿಲ್ಲ. ಮತ್ತೆ ಇಡುವುದು, ಮತ್ತೆ ಎಳೆಯುವುದು, ಅರ್ಧ ಗಂಟೆ ಅದೇ ಆಟ. ಮಗಳು ಚಿಕ್ಕ ಮಕ್ಕಳ ಓಟದಲ್ಲಿ ಮೂರು ಸಲ ಬಿದ್ದು ಕೊನೆಯವಳಾಗಿ ಬಂದಳು, ಆದರೂ ಕೈ ಎತ್ತಿಕೊಂಡೇ ಬಂದಳು. ಒಂದು ರೂಪಾಯಿ ಟಿಕೆಟ್ ಇಲ್ಲ. ಬೇಕಾಗಿದ್ದು ಎರಡು ಜೊತೆ ಬಟ್ಟೆ, ಟವೆಲ್, ಒಂದು ಫ್ಲಾಸ್ಕ್ ಬಿಸಿ ನೀರು. ಅದೇ ದಿನಗಳಲ್ಲಿ ಕಕ್ಕಡ 18 ಬಂತು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ತಿನ್ನುವ ದಿನ. ಪಕ್ಕದ ಮನೆಯವರು ಮದ್ದು ಸೊಪ್ಪಿನ ಪಾಯಸ ಕೊಟ್ಟರು. ಆ ನೇರಳೆ ಬಣ್ಣ ನೋಡಿ ಮಕ್ಕಳಿಗೆ ಅರ್ಧ ಖುಷಿ, ಮಾರನೇ ದಿನ ಉಚ್ಚೆ ಕೆಂಪಗೆ ಬಂತು ಅಂತ ಓಡಿ ಬಂದು ಹೇಳುವಾಗ ಇನ್ನರ್ಧ!

ದೊಡ್ಡವರ ಲೆಕ್ಕದಲ್ಲಿ ಕೊಡಗು ಅಂದರೆ ಅಬ್ಬಿ, ಮಲ್ಲಳ್ಳಿ ಜಲಪಾತ, ಮಾಂದಲಪಟ್ಟಿ ಬೆಟ್ಟ. ನಾನು ಬೇಡ ಅನ್ನುವುದಿಲ್ಲ. ಆದರೆ ಅಬ್ಬಿಯಲ್ಲಿ ಮಗು ನೀರು ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಮಲ್ಲಳ್ಳಿಯ ಮೆಟ್ಟಿಲು ಇಳಿಯುವಾಗ ನಡೆದ ಮಗು ಹತ್ತುವಾಗ ಸೊಂಟಕ್ಕೆ ಬರುತ್ತದೆ. ಮೂರು ವರ್ಷದವನಿಗೆ ಬೆಟ್ಟದ ಮೇಲಿನ ಮಂಜು ಕಾಣುವುದಿಲ್ಲ, ಅವನಿಗೆ ಕಾಣುವುದು ಕಾಲ ಕೆಳಗಿನ ಇರುವೆ. ಹಾಗಾಗಿ ನಾವು ಈಗ ಒಂದು ದಿನಕ್ಕೆ ಒಂದೇ ಜಾಗ ಅಂತ ಮಾಡಿಕೊಂಡಿದ್ದೇವೆ. ಮನೆಯಿಂದ ಅಕ್ಕಿ ರೊಟ್ಟಿ ಕಟ್ಟಿಕೊಂಡು ಬೇಗ ಹೋಗುವುದು, ಮಧ್ಯಾಹ್ನದ ನಿದ್ದೆ ಹೊತ್ತಿಗೆ ವಾಪಸ್.

ಕುಶಾಲನಗರದ ಹತ್ತಿರ ಕಾವೇರಿ ನಿಸರ್ಗಧಾಮ ನಮಗೆ ಚೆನ್ನಾಗಿ ಒಗ್ಗಿದೆ. 1989ರಲ್ಲಿ ಆದದ್ದು, 64 ಎಕರೆಯ ದ್ವೀಪ, ಬಿದಿರು ಮೆಳೆಯ ನೆರಳು. ತೂಗುಸೇತುವೆ ಅಲ್ಲಾಡುವಾಗ ಮಕ್ಕಳು ಕಿರುಚುವುದೇ ಒಂದು ಆಟ. ದಾಟಿದರೆ ಜಿಂಕೆ. ಮಗ ಜಿಂಕೆ ಬೇಲಿ ಬಿಟ್ಟು ಬರುವುದೇ ಇಲ್ಲ. ಹೊಳೆಗೆ ಮಾತ್ರ ಇಳಿಸಬೇಡಿ, ಮೇಲೆ ಶಾಂತವಾಗಿ ಕಂಡರೂ ಒಳಗೆ ಗುಂಡಿ ಇರುತ್ತದೆ. ಮಳೆ ಜಾಸ್ತಿಯಾದರೆ ಇದನ್ನೂ ಮುಚ್ಚುತ್ತಾರೆ, ಅದಕ್ಕೇ ಆ ಬಾಕ್ಸ್ ಬೇಕು ಅಂತ ಕೇಳಿದ್ದು. ಅಲ್ಲಿಂದ ಹೊಳೆ ದಾಟಿ ಸ್ವಲ್ಪ ಮುಂದೆ ಹೋದರೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್. ಅದು ಮೈಸೂರು ಜಿಲ್ಲೆಗೆ ಸೇರಿದ್ದು, ಆದರೂ ನಮಗೆ ಪಕ್ಕದ ಮನೆಯ ಹಾಗೆ. ಸುಮಾರು 60 ಅಡಿಯ ಬಂಗಾರ ಬಣ್ಣದ ಬುದ್ಧನನ್ನು ತಲೆ ಎತ್ತಿ ನೋಡುತ್ತಾ ಮಗಳು ಹಿಂದಕ್ಕೆ ಬಿದ್ದೇ ಬಿಡುತ್ತಿದ್ದಳು.

ಮಡಿಕೇರಿ ಅಂದರೆ ಎಲ್ಲರೂ ರಾಜಾಸೀಟಿಗೆ ಓಡುತ್ತಾರೆ. ವಾರದ ಕೊನೆಯಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮಕ್ಕಳು ಸುಸ್ತು. ನಾವು ಓಂಕಾರೇಶ್ವರಕ್ಕೆ ಹೋಗುತ್ತೇವೆ. 1820ರಲ್ಲಿ ಕೊಡಗಿನ ರಾಜ ಲಿಂಗರಾಜ ಕಟ್ಟಿಸಿದ ಗುಡಿ, ಎದುರಿಗೆ ಕೆರೆ, ಕೆರೆ ತುಂಬ ಮೀನು. ಮೆಟ್ಟಿಲ ಮೇಲೆ ಕೂತು ಮೀನು ಎಣಿಸುವುದು, ತಪ್ಪುವುದು, ಮತ್ತೆ ಒಂದರಿಂದ ಶುರು ಮಾಡುವುದು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಹುಟ್ಟಿದ ಮನೆ ಸನ್ನಿಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ಒಳಗಿನ ಕಥೆ ದೊಡ್ಡ ಮಕ್ಕಳಿಗೆ, ಹೊರಗಿನ ಯುದ್ಧ ಟ್ಯಾಂಕ್ ಚಿಕ್ಕವರಿಗೆ.

ಆದರೆ ನಮ್ಮ ಮಗಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಡಿಕೇರಿ ಕೋಟೆಯೊಳಗಿನ ಎರಡು ಗಾರೆ ಆನೆ. ದುಬಾರೆಯಿಂದ ಬರಿಗೈಲಿ ಬಂದ ಮುಂದಿನ ವಾರ ಅವಳ ಅಜ್ಜಿಯೇ "ಬಾ, ಓಡಿ ಹೋಗದ ಆನೆ ತೋರಿಸ್ತೀನಿ" ಅಂತ ಕರೆದುಕೊಂಡು ಹೋದರು. ನಿಜವಾದ ಆನೆಯಷ್ಟೇ ದೊಡ್ಡವು. ಅವಳು ಸುತ್ತ ಎರಡು ಸುತ್ತು ಬಂದಳು, ಸೊಂಡಿಲಿನ ಕೆಳಗೆ ನಿಂತು ಮೇಲೆ ನೋಡಿದಳು, ಆಮೇಲೆ "ಅಜ್ಜಿ, ಇದಕ್ಕೆ ಸ್ನಾನ ಮಾಡಿಸೋರು ಯಾರು?" ಅಂದಳು. ಅಷ್ಟರಲ್ಲೇ ಮಳೆ ಹನಿಯಲು ಶುರುವಾಯಿತು. ಅಜ್ಜಿ ಆಕಾಶ ತೋರಿಸಿದರು. ಅವಳಿಗೆ ಆ ಉತ್ತರ ಒಪ್ಪಿಗೆಯಾಯಿತು.

ಭಾಗಮಂಡಲದ ಕಡೆ ಹೋಗುವವರಿಗೆ ಒಂದು ಮಾತು. ಆ ತಿರುವಿನಲ್ಲಿ ಮಕ್ಕಳಿಗೆ ವಾಂತಿ ಗ್ಯಾರಂಟಿ. ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ, ಕಿತ್ತಳೆ ಸಿಪ್ಪೆ ಕೈಯಲ್ಲಿ ಕೊಡಿ, ಮೂಸುತ್ತಾ ಬರಲಿ. ನಮ್ಮ ಮಕ್ಕಳಿಗೆ ಅದು ಕೆಲಸ ಮಾಡಿದೆ.

ಬೇಸಿಗೆ ರಜೆಯಲ್ಲಿ ಹಾಕಿ ಹಬ್ಬ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ, ಈಚಿನ ವರ್ಷಗಳಲ್ಲಿ 300ಕ್ಕೂ ಹೆಚ್ಚು ಮನೆತನದ ತಂಡ ಬರುತ್ತಿವೆ. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗನೂ ಆಡುತ್ತಾರೆ. ಮಕ್ಕಳಿಗೆ ಗೋಲು ಯಾರದು ಅಂತ ಗೊತ್ತಾಗದಿದ್ದರೂ ಚಪ್ಪಾಳೆ ತಟ್ಟಲು ಗೊತ್ತು. ಈಗ ಬರುವ ಮಡಿಕೇರಿ ದಸರಾದಲ್ಲಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ರಾತ್ರಿ ಮೆರವಣಿಗೆ, ನೋಡಲು ಮಧ್ಯರಾತ್ರಿವರೆಗೆ ಚಿಕ್ಕ ಮಕ್ಕಳನ್ನು ಆ ಜನಜಂಗುಳಿಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಸದ್ದಿಗೆ ಹೆದರುತ್ತಾರೆ. ಹಗಲಿನ ಮಕ್ಕಳ ದಸರಾಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ದಯವಿಟ್ಟು ಅದರ ದಿನ, ಹೊತ್ತು, ಜಾಗ ಮೂರೂ ಮುಂಚೆಯೇ ಹಾಕಿ.

ಇನ್ನೊಂದು ವಿಷಯ, ನಿಮ್ಮ ಪತ್ರಿಕೆ ಮೂಲಕ ಜಿಲ್ಲಾಡಳಿತಕ್ಕೂ ಪಂಚಾಯಿತಿಗಳಿಗೂ ಹೇಳಬೇಕು. ಟಾಯ್ಲೆಟ್. ಹೆಸರು ಹೇಳುವುದಿಲ್ಲ, ಸಾವಿರಾರು ಜನ ಬರುವ ಒಂದು ಜಾಗದಲ್ಲಿ ಮಗನಿಗೆ ಅರ್ಜೆಂಟ್ ಆಯಿತು. ಹೋದರೆ ಬಾಗಿಲಿಗೆ ಬೀಗ. ಕೀ ಯಾರ ಹತ್ತಿರ ಇದೆ ಅಂತ ನಾಲ್ಕು ಕಡೆ ಕೇಳಿದೆ, ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಅಷ್ಟರಲ್ಲಿ ಅವನ ಪ್ಯಾಂಟ್ ಒದ್ದೆಯಾಯಿತು. ಮೂರು ವರ್ಷದವನು, ಈಚೆಗಷ್ಟೇ ಹೇಳಲು ಕಲಿತಿದ್ದಾನೆ, ಹೇಳಿದ್ದಾನೆ ಕೂಡ. ಅವನ ಮುಖ ನೋಡಿ ನನಗೆ ಅಳು ಬಂತು. ಪಕ್ಕದಲ್ಲಿ ಒಬ್ಬ ತಾಯಿ ಕಾರಿನ ಡಿಕ್ಕಿಯಲ್ಲಿ ಮಗುವನ್ನು ಮಲಗಿಸಿ ಬಟ್ಟೆ ಬದಲಿಸುತ್ತಿದ್ದರು, ಗಂಡ ಕೊಡೆ ಹಿಡಿದು ಮರೆ ಮಾಡಿದ್ದರು.

ಗಾಜಿನ ಸೇತುವೆ, ಸೆಲ್ಫಿ ಪಾಯಿಂಟ್ ನಾವು ಕೇಳುತ್ತಿಲ್ಲ. ಬೀಗ ಇಲ್ಲದ, ನೀರು ಬರುವ ಒಂದು ಟಾಯ್ಲೆಟ್. ಮಗುವನ್ನು ಮಲಗಿಸಿ ಬಟ್ಟೆ ಬದಲಿಸಲು ಒಂದು ಹಲಗೆ. ಮಳೆ ಬಂದರೆ ನಿಲ್ಲಲು ಒಂದು ಸೂರು, ಅಜ್ಜಿ ಅಜ್ಜಂದಿರು ಕೂರಲು ಒಂದು ಬೆಂಚು. ಟಿಕೆಟ್ ದುಡ್ಡು, ಪಾರ್ಕಿಂಗ್ ದುಡ್ಡು ತೆಗೆದುಕೊಳ್ಳುವ ಕಡೆಯಾದರೂ ಇಷ್ಟು ಇರಲೇಬೇಕು.

ದುಬಾರೆ ಆನೆಗಳನ್ನು ಮಗಳು ಇನ್ನೂ ನೋಡಿಲ್ಲ. ಅಲ್ಲಿಯ ಕೆಲವು ಆನೆಗಳು ದಸರಾಕ್ಕೆ ಮೈಸೂರಿಗೆ ಹೋಗುತ್ತವೆ ಅಂತ ಹೇಳಿದ್ದೇನೆ, ಅವು ವಾಪಸ್ ಬಂದ ಮೇಲೆ ಹೋಗೋಣ ಅಂತ ಒಪ್ಪಿಸಿದ್ದೇನೆ. ಬೋಟ್ ಇದೆ ಅಂತ ಶನಿವಾರ ನಿಮ್ಮ ಪೇಪರಿನಲ್ಲಿ ಓದಿದರೆ, ಭಾನುವಾರ ಬೆಳಿಗ್ಗೆ ಅವಳು ಬಾಳೆಹಣ್ಣಿನ ಕವರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ.

— ಇಬ್ಬರು ಮಕ್ಕಳ ತಾಯಿ, ಸುಂಟಿಕೊಪ್ಪ